ಒಂದೇ ಅಳತೆಯ ಡಬ್ಬಿಗಳು

ನಾನು ನಿಂತಿದ್ದು ಡೊಂಬಿವಲಿ ಪೂರ್ವದ ನಮ್ಮ ಚಾಳಿನ ಎರಡನೆಯ ಮಾಳಿಗೆಯ ಹಿಂದಿನ ಗ್ಯಾಲರಿಯಲ್ಲಿ, ನೀರಿನ ಡ್ರಮ್ಮಿಗೆ ಬೆನ್ನು ಹಚ್ಚಿ. ನಮ್ಮ ಅಡುಗೆಮನೆಯ ಕಿಟಕಿಗೂ ನನಗೂ ನಡುವೆ ಎರಡು ಹೆಜ್ಜೆಯ ಅಂತರವಿತ್ತು. ಮಧ್ಯಾಹ್ನ ಹನ್ನೆರಡು ದಾಟಿ ಸ್ವಲ್ಪವೇ ಹೊತ್ತಾಗಿತ್ತು. ಕಾರ್ಖಾನೆಗಳ ಕಡೆಯಿಂದ ಬರುವ ಹನ್ನೆರಡರ ಭೋಂಗಾ ಕೂಗಿ ನಿಂತದ್ದನ್ನು ಕೇಳಿದ್ದೆ. ಅಂದು ಅಜ್ಜನ ಶ್ರಾದ್ಧ. ನಾನು ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿದ್ದೆ, ಮುಟ್ಟಾಗಿ ಎರಡನೆಯ ದಿನ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅಂದು ನಡೆದದ್ದನ್ನು ನಮ್ಮ ಮನೆಯಲ್ಲಿ ಆಮೇಲೆ ಹಲವರು ಹಲವು ರೀತಿಯಲ್ಲಿ ಹೇಳಿದರು, ಹಾಗೆ ಹೇಳಿದವರಲ್ಲಿ ಒಬ್ಬರೂ ಆ ಜಾಗದಲ್ಲಿ ನಿಂತಿರಲಿಲ್ಲ.

ನಮ್ಮದು ಎರಡು ಕೋಣೆಯ ಮನೆ. ಮುಂದೆ ಹೊರಕೋಣೆ, ಹಿಂದೆ ಅಡುಗೆಮನೆ. ಅಪ್ಪ ಠಾಣೆಯ ಒಂದು ಕಂಪನಿಯಲ್ಲಿ ಗುಮಾಸ್ತ. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಹೊರಕೋಣೆಯ ಬಾಗಿಲ ಬಳಿ ಕೂತು ಇಡೀ ಮನೆಯನ್ನು ನಡೆಸುತ್ತಿದ್ದಳು. ಅಡುಗೆಮನೆ ಮಾತ್ರ ಅವ್ವನದು. ಹೊರಗಿನವರ ಕಣ್ಣಿಗೆ ಅದು ಅಡುಗೆಮನೆಯಂತೆ ಕಾಣುತ್ತಿರಲಿಲ್ಲ, ರದ್ದಿ ಅಂಗಡಿಯಂತೆ ಕಾಣುತ್ತಿತ್ತು. ನಾಲ್ಕು ಹಲಗೆಗಳ ಮೇಲೆ ಸಿಕ್ಕಸಿಕ್ಕ ಡಬ್ಬಿಗಳು: ಹೊಟ್ಟೆ ಜಜ್ಜಿಹೋದ ವನಸ್ಪತಿ ಡಬ್ಬಿ, ಹಾಲುಪುಡಿಯ ದುಂಡು ಡಬ್ಬಿ, ಮುಚ್ಚಳ ಬಿಗಿಯಾದ ಚೌಕದ ಬಿಸ್ಕಿಟ್ ಡಬ್ಬಿ, ಕುತ್ತಿಗೆ ಸಣ್ಣಗಿನ ಗಾಜಿನ ಬಾಟಲಿ, ಕಿವಿ ಮುರಿದ ಹಿತ್ತಾಳೆ ಬೋಗುಣಿ. ಉಪ್ಪಿನ ಜಾಡಿ ಒಲೆಯ ಬಲಕ್ಕೆ ನೆಲದ ಮೇಲೆ, ಹುಣಸೆಹಣ್ಣಿನ ಗಡಿಗೆ ಅದರ ಹಿಂದೆ, ಸೌಟುಗಳು ಕಿಟಕಿಯ ಸರಳಿಗೆ. ತೊಗರಿಬೇಳೆಯ ಪಕ್ಕದಲ್ಲಿ ಸೀಗೆಪುಡಿ ಯಾಕೆ ಇದೆ ಎಂದು ಕೇಳಿದರೆ ಅವ್ವ, ಇರಲಿ ಬಿಡು ಅನ್ನುತ್ತಿದ್ದಳು. ಅವಳ ಕೈ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಒಗ್ಗರಣೆ ಚಟಪಟ ಅನ್ನುವಾಗ ಆ ಕೈ ಹಲಗೆಯ ಕಡೆ ಹೋಗಿ, ಬೇಕಾದದ್ದನ್ನು ಹಿಡಿದು, ಒಲೆಯ ಕಡೆ ಮರಳುತ್ತಿತ್ತು. ಮುಖ ಅತ್ತ ತಿರುಗುತ್ತಿರಲಿಲ್ಲ. ಅದು ಅನುಭವದ ಗುಣ ಎಂದು ಎಲ್ಲರೂ ಅಂದುಕೊಂಡಿದ್ದರು.

ನಿಜ ನನಗೆ ತಿಳಿದದ್ದು ಒಂದು ಮುಚ್ಚಳದಿಂದ. ಅವ್ವ ಅಕ್ಕಿ ಡಬ್ಬಿಯ ಮುಚ್ಚಳ ಕೇಳಿದಳು, ನಾನು ಮಾತಾಡದೆ ಅವಳ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ, ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಕಾದಳು. ನಾನೂ ಕಾದೆ. ಕೊನೆಗೆ ಮುಚ್ಚಳದಿಂದ ಡಬ್ಬಿಯನ್ನು ತಟ್ಟಿದಾಗ ಕೈ ಸರಿಯಾಗಿ ಸಪ್ಪಳದ ಕಡೆ ಬಂತು. ಆಮೇಲೆ ಕೆಲವು ದಿನ ಅವಳನ್ನೇ ನೋಡಿದೆ. ಅಕ್ಕಿಯ ಹರಳನ್ನು ಬೆರಳ ತುದಿಯಿಂದ ಆರಿಸುತ್ತಿದ್ದಳು. ಗ್ಯಾಲರಿಯಲ್ಲಿ ನಡೆಯುವಾಗ ಗೋಡೆಗೆ ಕಿರುಬೆರಳು ತಾಗಿಸಿಕೊಂಡಿರುತ್ತಿದ್ದಳು. ಒಂದು ದಿನ ಕೇಳಿಯೇ ಬಿಟ್ಟೆ.

“ಕಾಣಸ್ತದ,” ಅಂದಳು ಅವ್ವ. “ನೀರಾಗ ಕಂಡಂಗ ಕಾಣಸ್ತದ. ಯಾರ ಮುಂದೂ ಅನಬ್ಯಾಡವಾ. ಒಮ್ಮೆ ಕುಂಡ್ರಿಸಿದ್ರಂದ್ರ ಮತ್ತ ಯಾರೂ ಎಬ್ಬಸೂದಿಲ್ಲ.”

ಬಾಗಲಕೋಟೆಯ ಅವಳ ತವರಿನಲ್ಲಿ ಸೋದರತ್ತೆಯೊಬ್ಬಳಿಗೆ ಹೀಗೆಯೇ ಕಣ್ಣು ಹೋಗಿತ್ತಂತೆ. ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನಡುಮನೆಯ ಗೋಡೆಗೆ ಒಂದು ಮಣೆ ಹಾಕಿ ಕೂಡಿಸಿದರು, ಹೊತ್ತಿಗೆ ಸರಿಯಾಗಿ ಮುಂದೆ ತಾಟು ಇಟ್ಟರು. ಮೊದಲು ಅವಳ ಕೈಯಿಂದ ಬೆಂಕಿ ತೆಗೆದರು, ಆಮೇಲೆ ಇಳಿಗೆ, ಆಮೇಲೆ ಹಾಲು, ಆಮೇಲೆ ಮಕ್ಕಳು. ಅವ್ವ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಬೆಂಡೆಕಾಯಿ ಹೆಚ್ಚುತ್ತ. ಅಂದಿನಿಂದ ನಾನು ಅವಳ ಕಣ್ಣಾದೆ. ಹಾಲು ಉಕ್ಕುವ ಮೊದಲು ಕೆಮ್ಮುತ್ತಿದ್ದೆ. ಅಜ್ಜಿ ಬರುತ್ತಿದ್ದರೆ ಹಾಡು ಗುನುಗುತ್ತಿದ್ದೆ. ಬೇಳೆಯಲ್ಲಿ ಹುಳ ಕಂಡರೆ ಏನೂ ಹೇಳದೆ ಬಿಸಿಲಿಗೆ ಹಾಕುತ್ತಿದ್ದೆ. ಒಂದೂವರೆ ವರ್ಷ ಹೀಗೆ ನಡೆಯಿತು. ಅದು ಇನ್ನಷ್ಟು ವರ್ಷ ನಡೆಯಬಹುದಿತ್ತು ಎಂದು ನಾನು ಈಗಲೂ ಲೆಕ್ಕ ಹಾಕುತ್ತೇನೆ.

ಆ ವರ್ಷ ಅಪ್ಪನ ತಂಗಿ ವತ್ಸಲಾ ಅತ್ಯಾ ನಮ್ಮ ಮನೆಯಲ್ಲಿದ್ದಳು. ಬೇಲಾಪುರದ ಸರಕಾರಿ ಆಫೀಸೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಕ್ವಾರ್ಟರ್ಸ್ ಇನ್ನೂ ಸಿಕ್ಕಿರಲಿಲ್ಲ. ಬೆಳಗಿನ ಲೋಕಲ್ ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸು. ಇಪ್ಪತ್ತಾರರ ಹುಡುಗಿ, ಬಾಯಿ ತುಂಬ ನಗು, ಎರಡೂ ಕೈಗೆ ಸದಾ ಕೆಲಸ ಬೇಕು. ದಿನವಿಡೀ ಫೈಲು ಜೋಡಿಸಿ ಬಂದವಳಿಗೆ ನಮ್ಮ ಅಡುಗೆಮನೆ ಕಂಡರೆ ಕಣ್ಣು ಉರಿಯುತ್ತಿತ್ತು. ಅವ್ವ ಹಲಗೆಯ ಮೇಲೆ ಕೈಯಾಡಿಸುವುದನ್ನು ಅವಳೂ ನೋಡಿದ್ದಳು. ಆದರೆ ಅದರ ಅರ್ಥವನ್ನು ತನಗೆ ತಿಳಿದಂತೆ ಮಾಡಿಕೊಂಡಳು: ಪಾಪ, ಇಷ್ಟು ಗದ್ದಲದಲ್ಲಿ ಹುಡುಕಿ ಹುಡುಕಿ ವೈನಿಯ ಜೀವ ಸಾಕಾಗುತ್ತದೆ. ಅವಳು ಮಾಡಿದ್ದೆಲ್ಲ ಅಣ್ಣನ ಹೆಂಡತಿಯ ಮೇಲಿನ ಪ್ರೀತಿಯಿಂದಲೇ. ಇದನ್ನು ನಾನು ಬರೆದಿಡಲೇಬೇಕು.

ದೀಪಾವಳಿಯ ರಜೆಯಲ್ಲಿ ಬೋಹಾರೀಣ ಬಂದಳು, ಹಳೆಯ ಸೀರೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸು. ಅತ್ಯಾ ಅವಳನ್ನು ಗ್ಯಾಲರಿಯಲ್ಲಿ ಕೂಡಿಸಿಕೊಂಡು ಎರಡು ಮಧ್ಯಾಹ್ನ ಮರಾಠಿಯಲ್ಲಿ ಜಗಳ ಆಡಿದಳು. ತನ್ನ ಕಾಲೇಜಿನ ದಿನಗಳ ಸೀರೆಗಳನ್ನೆಲ್ಲ ಕೊಟ್ಟಳು, ಕೊನೆಗೆ ಮನಸ್ಸು ಗಟ್ಟಿ ಮಾಡಿ ಒಂದು ಜರಿ ಸೀರೆಯನ್ನೂ ಕೊಟ್ಟಳು. ಬಂದದ್ದು ಇಪ್ಪತ್ನಾಲ್ಕು ಸ್ಟೀಲ್ ಡಬ್ಬಿ. ಎಲ್ಲವೂ ಒಂದೇ ಎತ್ತರ, ಒಂದೇ ಸುತ್ತಳತೆ, ಒಂದೇ ಮುಚ್ಚಳ. ಗ್ಯಾಲರಿಯ ಹೆಂಗಸರೆಲ್ಲ ಬಂದು ನೋಡಿದರು. ಪಕ್ಕದ ಮನೆಯ ಜಯಕ್ಕ, ಉಡುಪಿ ಕಡೆಯವರು, ಗಂಡ ಠಾಣೆಯ ಹೋಟೆಲಿನಲ್ಲಿ ಮ್ಯಾನೇಜರ್, ಒಂದು ಡಬ್ಬಿಯಲ್ಲಿ ಮುಖ ನೋಡಿಕೊಂಡು, ಇನ್ನು ನಿಮ್ಮಲ್ಲಿ ಕನ್ನಡಿ ಬೇಡ ಅಂದರು. ಹಳೆಯ ಡಬ್ಬಿಗಳನ್ನು ಅತ್ಯಾ ಗೋಣಿಚೀಲಕ್ಕೆ ತುಂಬತೊಡಗಿದಳು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದೊಂದು ಡಬ್ಬಿ ಚೀಲಕ್ಕೆ ಬಿದ್ದಾಗಲೂ ಅದು ಯಾವುದೆಂದು ಸಪ್ಪಳದಿಂದ ಅವಳಿಗೆ ತಿಳಿಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಒಂದೇ ಒಂದು ಸಲ ಬಾಯಿ ತೆರೆದಳು. ಆ ಜಜ್ಜಿದ ಡಬ್ಬಿ ಇರಲಿ ಅಂದಳು.

“ಅದರ ಮ್ಯಾಲ ಏನ ಮೋಹಾ ವೈನಿ,” ಅಂದಳು ಅತ್ಯಾ, ನಗುತ್ತ. “ಅದರಾಗ ಜಿರಳಿ ಮೂರ ಬಾಣಂತನಾ ಮುಗಿಸ್ಯಾವ.”

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಡಬ್ಬಿ ಹೋಯಿತು. ಬೇಡ ಎನ್ನಲು ಅವಳ ಬಳಿ ಇದ್ದ ಕಾರಣ ಒಂದೇ, ಅದನ್ನು ಹೇಳುವಂತಿರಲಿಲ್ಲ.

ಡಬ್ಬಿಗಳನ್ನು ಅತ್ಯಾ ಆರಾರರಂತೆ ನಾಲ್ಕು ಸಾಲು ಮಾಡಿದಳು. ಪ್ರತಿಯೊಂದಕ್ಕೂ ಚೀಟಿ ಬರೆದು ಗೋಂದು ಹಚ್ಚಿ ಅಂಟಿಸಿದಳು. ನೀಲಿ ಶಾಯಿ, ದುಂಡು ಕನ್ನಡ ಅಕ್ಷರ. ನಾನು ಗೆಳತಿಯ ಮನೆಯಿಂದ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ಎರಡನೆಯ ಸಾಲು ಹಿಟ್ಟುಗಳದು. ಕಿಟಕಿಯ ಕಡೆಯಿಂದ ಎಣಿಸಿದರೆ ಮೈದಾ, ರವೆ, ಅಕ್ಕಿ ಹಿಟ್ಟು, ಆಮೇಲೆ ನಾಲ್ಕನೆಯದರ ಮೇಲೆ ‘ಶಂಖಜಿರೆ’ ಎಂದಿತ್ತು. ನಾನು ಎರಡು ಸಲ ಓದಿದೆ. ಶಂಖಜಿರೆ ಅಡುಗೆಯ ಪದಾರ್ಥ ಅಲ್ಲ. ಅದು ಬಳಪದ ಕಲ್ಲಿನ ಪುಡಿ, ಟಾಲ್ಕಮ್ ಪೌಡರಿನಷ್ಟು ನುಣುಪು; ಬೆರಳಿನಿಂದ ಬಣ್ಣ ಸಲೀಸಾಗಿ ಜಾರಲೆಂದು ಮರಾಠಿ ಹುಡುಗಿಯರು ಅದನ್ನು ರಂಗೋಲಿಗೆ ಬೆರೆಸುತ್ತಾರೆ. ದೀಪಾವಳಿಯ ರಂಗೋಲಿಗೆಂದು ನಾನೇ ಕಿರಾಣಿ ಅಂಗಡಿಯಿಂದ ತಂದು ಹಲಗೆಯ ಮೇಲಿಟ್ಟಿದ್ದೆ, ಪೊಟ್ಟಣದ ಮೇಲೆ ಅಂಗಡಿಯವ ಪೆನ್ಸಿಲಿನಲ್ಲಿ ಹೆಸರು ಬರೆದಿದ್ದ. ಮರಾಠಿಯವರು ಮಸಾಲೆಗೆ ಶಹಾಜಿರೆ ಹಾಕುವುದನ್ನು ಅತ್ಯಾ ಕಂಡಿದ್ದಳು. ಜಿರೆ ಎಂದರೆ ಜೀರಿಗೆ. ಇದೂ ಅದೇ ಬಳಗದ ಯಾವುದೋ ಜೀರಿಗೆಯ ಹಿಟ್ಟು ಇರಬೇಕೆಂದು ತಿಳಿದು ಹಿಟ್ಟುಗಳ ಸಾಲಿನಲ್ಲಿ ಇಟ್ಟುಬಿಟ್ಟಳು.

ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ನಾಲ್ಕೂ ಡಬ್ಬಿ ತುಂಬಿದವು, ಒಂದೂ ಖಾಲಿ ಉಳಿಯಲಿಲ್ಲ ಎಂಬ ಸಂತೋಷದಲ್ಲಿ ಅತ್ಯಾ ಇದ್ದಳು, ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಯಿಂದಲೇ ಅವ್ವನಿಗೆ ಎಣಿಕೆ ಕಲಿಸಲು ಕೂತೆ. ಅಜ್ಜಿ ದೇವಸ್ಥಾನಕ್ಕೆ ಹೋದಾಗ, ಅತ್ಯಾ ಆಫೀಸಿಗೆ ಹೋದಾಗ, ಅವ್ವ ಬೆರಳಿನ ಗೆಣ್ಣಿನಿಂದ ಡಬ್ಬಿಗಳನ್ನು ತಟ್ಟುತ್ತ ಸಾಲಾಗಿ ಹೋಗುತ್ತಿದ್ದಳು, ನಾನು ಹೆಸರು ಹೇಳುತ್ತಿದ್ದೆ. ಮೊದಲನೆಯ ಸಾಲು ಎರಡು ದಿನಕ್ಕೆ ಬಂತು. ಹದಿನೈದು ವರ್ಷ ಒಂದು ಮನೆಯ ಹೊಟ್ಟೆ ತುಂಬಿಸಿದವಳು ಒಂದನೆಯ ಇಯತ್ತೆಯ ಮಗುವಿನಂತೆ ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದಳು. ನಾಲ್ಕನೆಯದು ರಂಗೋಲಿಯದು, ಮುಟ್ಟಬೇಡ ಅಂದೆ. ಒಮ್ಮೆ ಎಣಿಕೆ ಬಾಯಿಗೆ ಬಂದ ಮೇಲೆ ಅದನ್ನು ತೆಗೆದರೆ ಐದು, ಆರು ಎಲ್ಲ ಕದಲುತ್ತವೆ ಎಂದು ಅಲ್ಲಿಯೇ ಬಿಟ್ಟೆ. ತಪ್ಪು ಪದಕ್ಕೆ ನಾನೇ ಒಂದು ಸ್ಥಾನ ಕೊಟ್ಟೆ.

ಶ್ರಾದ್ಧಕ್ಕೆ ಎರಡು ದಿನ ಇರುವಾಗ ಮುಟ್ಟಿನ ಸೂಚನೆ ಕಂಡಿತು, ಮರುದಿನ ಹೊರಗಾದೆ. ಅಜ್ಜಿ ನನ್ನನ್ನು ಜಯಕ್ಕನ ಮನೆಗೆ ಕಳಿಸಿದಳು. ಶ್ರಾದ್ಧದ ದಿನ ಮುಟ್ಟಾದವಳು ಬ್ರಾಹ್ಮಣರ ಕಣ್ಣಿಗೆ ಬೀಳಬಾರದು, ಅವಳ ದನಿಯೂ ಅವರ ಕಿವಿಗೆ ಬೀಳಬಾರದು, ಬಿದ್ದರೆ ಪಿತೃಗಳು ಎದ್ದುಹೋಗುತ್ತಾರೆ ಅಂದಳು. ಜಯಕ್ಕ ನನಗೆ ನೀರುದೋಸೆ ಹಾಕಿಕೊಟ್ಟು, ನಮ್ಮಲ್ಲಿಯೂ ಉಂಟು, ಆದರೆ ಇಷ್ಟು ಇಲ್ಲಪ್ಪ ಅಂದರು. ಹಿಂದಿನ ಸಂಜೆ ಅವ್ವ ನೀರಿಗೆಂದು ಗ್ಯಾಲರಿಗೆ ಬಂದಾಗ, ನನ್ನ ಕಡೆ ತಿರುಗದೆ, ಅಕ್ಕಿ ಹಿಟ್ಟು ಎಂದಷ್ಟೇ ಕೇಳಿದಳು. ಎರಡನೆಯ ಸಾಲು, ಮೂರನೆಯದು ಅಂದೆ.

ಬೆಳಗ್ಗೆ ಒಂಬತ್ತರ ಸುಮಾರಿಗೆ, ಅವ್ವ ಸ್ನಾನಕ್ಕೆ ಹೋಗಿದ್ದಾಗ, ಅಜ್ಜಿ ಅಡುಗೆಮನೆಗೆ ಬಂದಳು. ಮೈದಾ ಯಾವ ಗಿರಣಿಯದೋ, ಯಾರು ಮುಟ್ಟಿದ್ದೋ, ಮಡಿಯಲ್ಲಿ ಅದು ಇರಬಾರದು ಎಂದು ಆ ಡಬ್ಬಿಯನ್ನು ತೆಗೆದು ಕಿಟಕಿಯಿಂದ ಜಯಕ್ಕನ ಕೈಗೆ ಕೊಟ್ಟಳು. ಆಮೇಲೆ ಉಳಿದವನ್ನು ಕಿಟಕಿಯ ಕಡೆ ಸರಿಸಿ ಸಾಲು ಸರಿಮಾಡಿದಳು. ಜಯಕ್ಕ ಡಬ್ಬಿಯನ್ನು ತಂದಿಟ್ಟದ್ದು ನನ್ನ ಎದುರಿಗೇ. ಚೀಟಿಯನ್ನು ಓದಿದೆ ಕೂಡ. ಮೂರನೆಯದು ಈಗ ಎರಡನೆಯದಾಯಿತು ಎಂದು ನನಗೆ ಹೊಳೆಯಲಿಲ್ಲ. ಮೂರು ತಾಸು ಅದು ನನ್ನ ಮುಂದೆಯೇ ಇತ್ತು.

ಭೋಂಗಾ ಕೂಗಿದ ಮೇಲೆ ನಾನು ಜಯಕ್ಕನ ಮನೆಯಿಂದ ಹೊರಬಂದು ಡ್ರಮ್ಮಿನ ಬಳಿ ನಿಂತೆ. ಕಿಟಕಿಯೊಳಗೆ ಅವ್ವ ಒಬ್ಬಳೇ ಇದ್ದಳು. ಮಡಿಸೀರೆ, ತೋಯ್ದ ಕೈ. ಇದ್ದಿಲ ಒಲೆಯ ಮೇಲೆ ಹೆಸರುಬೇಳೆಯ ಪಾಯಸ. ಹೊರಕೋಣೆಯಿಂದ ಆಚಾರ್ಯರ ಮಂತ್ರ, ಅದರ ಹಿಂದೆ ಅಪ್ಪನ ತಡವರಿಸುವ ದನಿ. ಅಜ್ಜಿ ಅಲ್ಲಿಯೇ ಇದ್ದಳು, ಅತ್ಯಾ ಆಫೀಸಿಗೆ ಹೋಗಿದ್ದಳು. ಪಾಯಸ ಗಟ್ಟಿಯಾಗಲೆಂದು ಕೊನೆಗೆ ಅಕ್ಕಿ ಹಿಟ್ಟು ಕದಡಿ ಹಾಕುತ್ತಾರೆ. ಅವ್ವನ ಕೈ ಎರಡನೆಯ ಸಾಲಿಗೆ ಹೋಯಿತು. ಗೆಣ್ಣಿನಿಂದ ತಟ್ಟಿದಳು: ಒಂದು, ಎರಡು, ಮೂರು. ಡಬ್ಬಿ ಕೆಳಗೆ ಬಂತು. ಅದರ ಚೀಟಿ ಕಿಟಕಿಯ ಕಡೆ ಇತ್ತು, ನಾನು ಓದಿದೆ. ಕೈ ಒದ್ದೆ ಇದ್ದುದರಿಂದ ಅವಳು ಬೆರಳು ಅದ್ದಿ ನೋಡಲಿಲ್ಲ, ಚಮಚದಿಂದ ತೆಗೆದಳು. ಬ್ರಾಹ್ಮಣರು ಉಣ್ಣುವ ಮೊದಲು ಮೂಸುವಂತಿಲ್ಲ, ರುಚಿ ನೋಡುವಂತಿಲ್ಲ. ಎರಡು ಚಮಚ ಪುಡಿಯನ್ನು ನೀರಿನಲ್ಲಿ ಕದಡಿ ಸುರಿದು, ತಿರುವಿ, ಕಾದಳು. ಸೌಟು ಎತ್ತಿ ಪಾಯಸವನ್ನು ಮೇಲಿನಿಂದ ಬಿಟ್ಟಳು. ಗಟ್ಟಿ ಪಾಯಸಕ್ಕೆ ಸಪ್ಪಳ ಇರುವುದಿಲ್ಲ, ಇದು ನೀರಿನಂತೆ ಸದ್ದು ಮಾಡಿತು. ಮತ್ತೆ ಎರಡು ಚಮಚ ಹಾಕಿದಳು. ಮತ್ತೆ ಸೌಟು ಎತ್ತಿದಳು, ಅದೇ ಸದ್ದು. ಆಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು, ನಾನು ನಿಂತಲ್ಲಿಂದ ತುಸು ಎಡಕ್ಕೆ, ಯಾರೂ ಇಲ್ಲದ ಕಡೆಗೆ.

“ಸುಧೀ, ಇದ್ದೀಯೇನು? ಮೂರನೇದು ಹೌದಲ್ಲ?”

ಮೆಲ್ಲಗೆ ಕೇಳಿದಳು, ಆದರೆ ಪ್ರತಿ ಅಕ್ಷರವೂ ಕೇಳಿಸಿತು. ಅದೇ ಹೊತ್ತಿಗೆ ಒಳಗೆ ಮಂತ್ರ ನಿಂತಿತ್ತು. ಮಾತಾಡಿದರೆ ನನ್ನ ದನಿ ಹೊರಕೋಣೆಗೆ ಮುಟ್ಟುತ್ತಿತ್ತು, ಶ್ರಾದ್ಧ ಕೆಡುತ್ತಿತ್ತು. ಬಹಳ ವರ್ಷ ಇದೇ ಕಾರಣ ಎಂದು ನಂಬಿದ್ದೆ. ಆಮೇಲೆ ಇನ್ನೊಂದು ಕಾರಣ ಕಂಡುಕೊಂಡೆ: ಅಲ್ಲ ಎಂದರೆ ಪಾಯಸ ಚೆಲ್ಲಬೇಕು, ಅಜ್ಜಿ ಒಳಗೆ ಬಂದು ಯಾಕೆ ಎನ್ನುತ್ತಾಳೆ, ಎಲ್ಲ ಹೊರಬೀಳುತ್ತದೆ. ಎರಡೂ ನಿಜ ಇರಬಹುದು. ಆದರೆ ಆ ಕ್ಷಣದಲ್ಲಿ ನಾನು ಇದಾವುದನ್ನೂ ಯೋಚಿಸಲಿಲ್ಲ. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಕಿಟಕಿಯ ಸರಳನ್ನು ತಟ್ಟಬಹುದಿತ್ತು. ಕೈ ಎದೆಯವರೆಗೆ ಎತ್ತಿದ್ದು ನೆನಪಿದೆ. ಅವ್ವ ಇನ್ನೊಂದಿಷ್ಟು ಹೊತ್ತು ಮುಖ ಹಾಗೆಯೇ ಇಟ್ಟುಕೊಂಡಿದ್ದಳು. ಆಮೇಲೆ ತಿರುಗಿ ಪಾತ್ರೆ ಇಳಿಸಿದಳು.

ಶ್ರಾದ್ಧದ ಎಲೆಯ ಮುಂದೆ ಬ್ರಾಹ್ಮಣರು ಮಾತಾಡುವುದಿಲ್ಲ, ಅಡುಗೆಯ ಗುಣ ಹೇಳುವುದಿಲ್ಲ. ಆದ್ದರಿಂದ ಯಾವ ಗದ್ದಲವೂ ಆಗಲಿಲ್ಲ. ಕಲ್ಯಾಣದಿಂದ ಬಂದ ಇಬ್ಬರೂ ಪಾಯಸವನ್ನು ಬಾಯಿಗಿಟ್ಟು, ದೊನ್ನೆಯನ್ನು ಬೆರಳಿನಿಂದ ಎಲೆಯ ಆಚೆ ಸರಿಸಿದರಂತೆ. ಆಚಾರ್ಯರು ಮೆಟ್ಟಿಲು ಇಳಿಯುವಾಗ ಅಪ್ಪನಿಗೆ, ಇದು ಸಲ್ಲಲಿಲ್ಲ, ಮತ್ತೊಮ್ಮೆ ಮಾಡಿಸಬೇಕಾದೀತು ಎಂದು ಹೇಳಿ ಹೋದರು. ಅಪ್ಪ ಅಡುಗೆಮನೆಗೆ ಬಂದ. ನಾನು ಇನ್ನೂ ಅಲ್ಲಿಯೇ ನಿಂತಿದ್ದೆ. ಪಾಯಸವನ್ನು ನಾಲಿಗೆಗೆ ಹಚ್ಚಿಕೊಂಡು ಅಂಗೈಗೆ ಉಗುಳಿ ನೋಡಿದ. ತಳದಲ್ಲಿ ಬಿಳಿ ಕೆಸರು ಕೂತಿತ್ತು. ಒಲೆಯ ಬಳಿಯ ಡಬ್ಬಿಯನ್ನು ಎತ್ತಿ ಚೀಟಿ ಓದಿದ, ಏನೂ ಅರ್ಥವಾದಂತೆ ಕಾಣಲಿಲ್ಲ. ಅವ್ವನ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಡಬ್ಬಿಯನ್ನು ಅವಳ ಕಣ್ಣಿನ ಎದುರು ಹಿಡಿದ.

“ಏನ ಬರದದ ಓದು.”

“ಅಕ್ಕಿ ಹಿಟ್ಟು,” ಅಂದಳು ಅವ್ವ.

ಚೀಟಿ ಅಪ್ಪನ ಕಡೆ ಇತ್ತು. ಅವಳ ಕಡೆ ಇದ್ದದ್ದು ಬರಿಯ ಸ್ಟೀಲು.

ಅಪ್ಪ ಡಬ್ಬಿಯನ್ನು ಕೆಳಗಿಟ್ಟ. ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ, ಆಕೆಗೆ ಕಾಣುವುದಿಲ್ಲ ಎಂದ. ಎಷ್ಟು ದಿನವಾಯಿತು ಎಂದು ಅಜ್ಜಿ ಕೇಳಿದಳು. ಅವ್ವ ಸೌಟನ್ನು ಬಿಗಿಯಾಗಿ ಹಿಡಿದುಕೊಂಡಳು. ಸುಧಿಗೆ ಗೊತ್ತು ಎನ್ನಲಿಲ್ಲ. ಕಿಟಕಿಯ ಕಡೆ ತಿರುಗಲಿಲ್ಲ. ಅಜ್ಜಿ ಸಿಟ್ಟಿಗೇಳುತ್ತಾಳೆ ಎಂದು ನಾನು ಕಾದಿದ್ದೆ, ಸಿಟ್ಟಿಗೆದ್ದಿದ್ದರೆ ಚೆನ್ನಾಗಿತ್ತು. ಅವಳು ಅವ್ವನ ಕೈಯಿಂದ ಸೌಟನ್ನು ಬಿಡಿಸಿಕೊಂಡಳು, ಸಣ್ಣ ಮಗುವಿನಿಂದ ಚಾಕು ಬಿಡಿಸಿಕೊಳ್ಳುವ ಹಾಗೆ, ಒಂದೊಂದೇ ಬೆರಳು. ಆಮೇಲೆ ಗೋಡೆಗೆ ಒಂದು ಮಣೆ ಹಾಕಿದಳು.

“ಸಾಕು. ಇನ್ನ ಕೂಡು.”

ಠಾಣೆಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಇದಕ್ಕೆ ಮಾಡುವಂಥದ್ದು ಏನೂ ಇಲ್ಲ ಎಂದರು. ಹದಿನೈದು ದಿನಕ್ಕೆ ಶ್ರಾದ್ಧ ಮತ್ತೆ ಆಯಿತು, ಅಜ್ಜಿ ಅಡುಗೆ ಮಾಡಿದಳು. ಅಜ್ಜಿಗೆ ಕೈಲಾಗದಾದ ಮೇಲೆ ನಾನು ಮಾಡಿದೆ. ನಮ್ಮ ಅಡುಗೆಮನೆಯನ್ನು ನೋಡಿದವರೆಲ್ಲ ಎಷ್ಟು ನೀಟಾಗಿದೆ ಎನ್ನುತ್ತಿದ್ದರು. ಮೊದಮೊದಲು ಅವ್ವ ಮಣೆಯ ಮೇಲಿಂದಲೇ, ಮುಚ್ಚಳದ ಸದ್ದು ಕೇಳಿ, ಜೀರಿಗೆ ತೆಗೆದಿಯಲ್ಲ, ಸಾಸಿವೆ ಮೊದಲು ಅನ್ನುತ್ತಿದ್ದಳು, ಎಂದೂ ತಪ್ಪುತ್ತಿರಲಿಲ್ಲ. ಎರಡು ವರ್ಷದ ನಂತರ ಅದನ್ನೂ ಬಿಟ್ಟಳು. ಮಣೆಯ ಮೇಲೆ ಹದಿನಾರು ವರ್ಷ ಕೂತಳು. ಹೊತ್ತಿಗೆ ಸರಿಯಾಗಿ ತಾಟು ಇಟ್ಟವಳು ನಾನೇ. ಅಂದು ಮಧ್ಯಾಹ್ನ ನೀನು ಕಿಟಕಿಯ ಹೊರಗೆ ಇದ್ದೆಯಾ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ಎಲ್ಲವೂ ವತ್ಸಲಾ ಅತ್ಯಾನ ಚೀಟಿಯಿಂದ ಆಯಿತೆಂದು ಮನೆಯಲ್ಲಿ ತೀರ್ಮಾನವಾಯಿತು. ಆ ಒಂದು ಪದ, ಓದಿಕೊಂಡವಳು, ಕೇಳಿ ಬರೆಯಬಾರದಿತ್ತೇ. ಅವಳು ಬೇಲಾಪುರದ ಕ್ವಾರ್ಟರ್ಸಿಗೆ ಹೋದಳು. ಪ್ರತಿ ವರ್ಷ ಆ ತಿಥಿಗೆ ಹಣ್ಣು ಹಿಡಿದುಕೊಂಡು ಬಂದು ಅವ್ವನ ಪಕ್ಕ ನೆಲದ ಮೇಲೆ ಕೂಡುತ್ತಿದ್ದಳು. ಒಂದು ಸಲ, ನಾನು ನಿಮಗೆ ಒಳ್ಳೆಯದು ಮಾಡಲು ಹೋಗಿದ್ದೆ ವೈನಿ ಎಂದು ಅತ್ತಳು. ನಿನ್ನ ತಪ್ಪಲ್ಲ ಎಂದಳು ಅವ್ವ. ನಾನು ಅದೇ ಕೋಣೆಯಲ್ಲಿ ಹಣ್ಣು ಹೆಚ್ಚುತ್ತಿದ್ದೆ. ಹೆಚ್ಚಿ ಮುಗಿಸಿ, ಇಬ್ಬರಿಗೂ ತಾಟಿನಲ್ಲಿ ಕೊಟ್ಟೆ. ಅವ್ವ ಹೋದಳು, ಅಜ್ಜಿ ಅದಕ್ಕೂ ಮೊದಲು, ಅಪ್ಪ ಆಮೇಲೆ. ಅತ್ಯಾ ಹೋಗಿ ನಾಲ್ಕು ವರ್ಷವಾಯಿತು. ತಪ್ಪು ತನ್ನದೆಂದೇ ತಿಳಿದು ಹೋದಳು.

ಅವ್ವನ ಪ್ರಶ್ನೆ ಕಿವಿಗೆ ಬಿದ್ದವಳು ನಾನೊಬ್ಬಳೇ ಅಲ್ಲ. ಜಯಕ್ಕ ನನ್ನ ಹಿಂದೆ, ತಮ್ಮ ಮನೆಯ ಬಾಗಿಲಲ್ಲಿ, ಕೊಡ ಹಿಡಿದು ನಿಂತಿದ್ದರು. ಇಷ್ಟು ವರ್ಷದಲ್ಲಿ ಅದರ ಬಗ್ಗೆ ಮಾತಾಡಿದ್ದು ಒಮ್ಮೆ ಮಾತ್ರ, ಈಚೆಗೆ, ನಾನು ನೋಡಲು ಹೋದಾಗ.

“ನೀನು ತಿರುಗಿ ನನ್ನನ್ನು ನೋಡಿದ್ದೆ ಮಾರಾಯ್ತಿ,” ಅಂದರು. “ನಾನೇ ಬೇಡ ಅಂತ ತಲೆ ಆಡಿಸಿದ್ದು. ಒಳಗೆ ಭಟ್ಟರಿದ್ರಲ್ಲ.”

ನಾನು ತಿರುಗಿದ ನೆನಪು ನನಗಿಲ್ಲ. ನನ್ನ ಕಣ್ಣು ಚೀಟಿಯ ಮೇಲಿತ್ತು, ಆಮೇಲೆ ಅವ್ವನ ಮುಖದ ಮೇಲೆ. ಜಯಕ್ಕ ಕಂಡದ್ದನ್ನು ಹೇಳಿದರೋ, ನನಗಾಗಿ ಹಾಗೆ ಹೇಳಿದರೋ, ನಿರ್ಧರಿಸಲಾರೆ. ಅವರು ಈಗ ಕೋಪರಖೈರಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಣ್ಣು ಕಿವಿ ಚೆನ್ನಾಗಿವೆ. ಅವರೂ ನಾನೂ, ಉಳಿದವರು ಇಬ್ಬರೇ.